ಪ್ಯಾರಿಸ್ಸಿನ ಪೆಟ್ಟಿಗೆ, ಗೊಲ್ಲರಹಟ್ಟಿಯ ಗಣೆ

ಇಟಲಿಯ ಸಂಗೀತಗಾರ ರೊಸ್ಸಿನಿ ಇಳಿವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ನೆಲೆಸಿದ್ದಾಗ ಚರ್ಚಿನ ಪೂಜಾಪಾಠಕ್ಕೆ ಒಂದು ದೊಡ್ಡ ಸಂಗೀತ ಕಟ್ಟಿದ. ದೊಡ್ಡದೆಂದರೆ ಅವಧಿಯಲ್ಲಿ ಮಾತ್ರ. ಹಾಡಲು 12 ಜನ, ಪಕ್ಕಕ್ಕೆ ಎರಡು ಪಿಯಾನೊ, ಒಂದು ಹಾರ್ಮೋನಿಯಂ ಇದ್ದರೆ ಸಾಕು ಎಂದ. 1864ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನ ಶ್ರೀಮಂತರೊಬ್ಬರ ಮಹಲಿನಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಈಗ ಆ ಕೃತಿಯನ್ನು ಆ ಕಾಲದ ವಾದ್ಯಗಳಲ್ಲೇ ನುಡಿಸಬೇಕೆಂದು ಹಟ ಹಿಡಿದವರು 19ನೇ ಶತಮಾನದ ಫ್ರೆಂಚ್ ಹಾರ್ಮೋನಿಯಂ ಹುಡುಕಿ ತಂದು, ತಿದಿಗೆ ಹೊಸ ಚರ್ಮ ಹೊದಿಸಿ, ಹಿತ್ತಾಳೆಯ ರೀಡುಗಳ ಧೂಳು ತೆಗೆದು ವೇದಿಕೆ ಹತ್ತಿಸುತ್ತಾರೆ.

ಅದೇ ಪೆಟ್ಟಿಗೆಯ ದಾಯಾದಿ ಆಂಧ್ರದ ಗಡಿಯ ರಾಯದುರ್ಗದ ಸುತ್ತಿನ ಊರುಗಳಲ್ಲಿ ಹುಡುಕದೆಯೇ ಸಿಗುತ್ತದೆ. ಡಿ. ಹಿರೇಹಾಳ್, ಬೊಮ್ಮನಹಾಳ್, ಕಣೇಕಲ್ಲಿನ ಕಡೆ ಗುಡಿಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಭಜನೆಗೆ ಕೂತರೆ ನಡುವೆ ಇರುವುದು ಅದೇ. ಎಡಗೈ ತಿದಿಯ ಮೇಲೆ, ಬಲಗೈ ಬೆರಳು ಕಪ್ಪು–ಬಿಳಿ ಮನೆಗಳ ಮೇಲೆ. ಪಕ್ಕದಲ್ಲಿ ದಮ್ಮಡಿ, ತಾಳ, ಒಬ್ಬರ ಹೆಗಲಿಗೆ ಏಕತಾರಿ. ಹಾಡುವುದು ಕನ್ನಡ ತತ್ವಪದ. ನಡುವೆ ಒಂದೆರಡು ತೆಲುಗು ಕೀರ್ತನೆ ಬಂದರೂ ಯಾರ ಹುಬ್ಬೂ ಏರುವುದಿಲ್ಲ. ಆ ಪೆಟ್ಟಿಗೆ ಪ್ಯಾರಿಸ್ಸಿನ ಸಂತಾನ ಎಂದು ಹೇಳಿದರೆ ನಕ್ಕು, ಮುಂದಿನ ಪದಕ್ಕೆ ಶ್ರುತಿ ಹಿಡಿಯುತ್ತಾರೆ.

ಹಾರ್ಮೋನಿಯಮ್ಮಿಗೆ ಆ ಹೆಸರಿಟ್ಟು ಹಕ್ಕು ಪಡೆದವನು ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬ್ಯಾಂ, 1840ರ ದಶಕದ ಆರಂಭದಲ್ಲಿ. ದೊಡ್ಡ ಆರ್ಗನ್ ಕೊಳ್ಳಲಾಗದ ಬಡ ಚರ್ಚುಗಳಿಗೆ ಅದು ಒದಗಿತು. ಪಾದ್ರಿಗಳ ಜೊತೆ ಹಡಗು ಹತ್ತಿ ಬಂತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕನಾಥ ಘೋಷರು ಕಾಲಿನ ತಿದಿಯನ್ನು ಕೈತಿದಿಯಾಗಿ ಮಾಡಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಮಡಿಲಿಗೆ ಅದನ್ನು ಇಳಿಸಿದರು. ಕಂಪನಿ ನಾಟಕದವರು ಮಾತ್ರ ಕಾಲಿನ ಹಾರ್ಮೋನಿಯಮ್ಮನ್ನು ಬಿಡಲಿಲ್ಲ. ಬಳ್ಳಾರಿ, ರಾಯದುರ್ಗ, ಅನಂತಪುರದ ಸೀಮೆ ನಾಟಕದ ಹುಚ್ಚಿನ ಸೀಮೆ. ಹಾರ್ಮೋನಿಯಂ ಮೇಷ್ಟ್ರು ಇಲ್ಲದೆ ಅಲ್ಲಿ ಪರದೆ ಏಳುತ್ತಿರಲಿಲ್ಲ. ಇತ್ತ ಶಾಸ್ತ್ರೀಯ ಸಂಗೀತದವರು ಇದು ಗಮಕಕ್ಕೆ ಬಗ್ಗದ ವಾದ್ಯ, ನಮ್ಮ ಸ್ವರಗಳ ಕುತ್ತಿಗೆ ಹಿಸುಕುತ್ತದೆ ಎಂದು ದೂರಿದರು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು. 1971ರಲ್ಲಿ ಆ ಬಿಗಿ ಸ್ವಲ್ಪ ಸಡಿಲವಾಯಿತು. ಅಷ್ಟರೊಳಗೆ ಅದು ಭಜನೆಯ ಮನೆಮಗನಾಗಿ ಹೋಗಿತ್ತು.

ಹಾಗಾದರೆ ಹಾಡೊಂದಕ್ಕೆ ‘ಅದರದೇ’ ವಾದ್ಯ ಎಂದು ಒಂದು ಇರುತ್ತದೆಯೇ? ದೇವರ ಹಾಡಾದರೆ ಆ ವಾದ್ಯವನ್ನು ಬದಲಿಸಿದಾಗ ದೇವರಿಗೆ ಮುಟ್ಟುವುದರಲ್ಲಿ ಏನಾದರೂ ಕೊರತೆ ಬೀಳುತ್ತದೆಯೇ? ಯುರೋಪಿನಲ್ಲಿ ಈ ಪ್ರಶ್ನೆಯ ಮೊದಲ ಅರ್ಧದ ಮೇಲೆ ನೂರು ವರ್ಷದಿಂದ ಜಗಳ ನಡೆದಿದೆ. ಎರಡನೆಯ ಅರ್ಧವನ್ನು ಅಲ್ಲಿ ಕೇಳುವವರು ಕಡಿಮೆ. ಕೇಳುವವರು ಮಡಕಶಿರದ ಕಡೆ ಇದ್ದಾರೆ.

ಯುರೋಪಿನ ಜಗಳ ರುಚಿಕರವಾದದ್ದೇ. ಫ್ರಾನ್ಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಆರ್ನಾಲ್ಡ್ ಡಾಲ್ಮೆಚ್ 17 ಮತ್ತು 18ನೇ ಶತಮಾನದ ಸಂಗೀತವನ್ನು ಅಂದಿನವರಂತೆ ನುಡಿಸುವುದು ಹೇಗೆಂದು 1915ರಲ್ಲಿ ಒಂದು ಪುಸ್ತಕ ಬರೆದ. ಹಳೆಯ ವಾದ್ಯಗಳನ್ನು ತಾನೇ ಕೈಯಾರೆ ಕಟ್ಟಿದ. ಅವನ ಹಿಂದೆ ಬಂದವರು ಉಕ್ಕಿನ ತಂತಿ ತೆಗೆದು ಕುರಿಯ ಕರುಳಿನ ತಂತಿ ಬಿಗಿದರು. ಈಗಿನ ಆಧಾರ ಸ್ವರ ಸೆಕೆಂಡಿಗೆ 440 ಕಂಪನ. ಲೂಯಿ ದೊರೆಗಳ ಕಾಲದ ಫ್ರೆಂಚ್ ಸಂಗೀತಕ್ಕೆ ಅದನ್ನು 392ರ ಆಸುಪಾಸಿಗೆ, ಎಂದರೆ ಒಂದು ಪೂರ್ಣ ಸ್ವರದಷ್ಟು, ಇಳಿಸಿದರು. ಇಳಿಸಿದ ಕೂಡಲೇ ಕಿರುಚಿದಂತೆ ಕೇಳುತ್ತಿದ್ದ ಹಾಡುಗಳು ಮಾತಿನ ಹದಕ್ಕೆ ಬಂದವು ಎನ್ನುತ್ತಾರೆ, ಅದು ನಿಜವೂ ಹೌದು. ವಿಲಿಯಂ ಕ್ರಿಸ್ಟಿ ಎಂಬ ಅಮೆರಿಕದವನು 1979ರಲ್ಲಿ ಪ್ಯಾರಿಸ್ಸಿನಲ್ಲಿ ‘ಲೆಸ್ ಆರ್ ಫ್ಲೋರಿಸಾಂ’ ಎಂಬ ತಂಡ ಕಟ್ಟಿ, 1676ರ ಲುಲ್ಲಿಯ ‘ಆತಿಸ್’ ಎಂಬ ಗೀತನಾಟಕವನ್ನು 1987ರಲ್ಲಿ ಪ್ಯಾರಿಸ್ಸಿನ ರಂಗಕ್ಕೆ ತಂದಾಗ ಫ್ರೆಂಚರು ತಮ್ಮದೇ ಮನೆಯ ಅಟ್ಟದಲ್ಲಿದ್ದ ಒಡವೆ ಕಂಡವರಂತೆ ಬೆರಗಾದರು. ತಮ್ಮದನ್ನು ತಮಗೆ ತೋರಿಸಲು ಹೊರಗಿನವನೇ ಬರಬೇಕಾಯಿತು. ಅದು ಫ್ರೆಂಚರಿಗೆ ಮಾತ್ರ ಬಂದ ಗತಿಯಲ್ಲ.

ಆದರೆ ‘ಅಸಲು’ ಎಂಬುದು ಕೈಗೆ ಸಿಕ್ಕಷ್ಟೂ ಜಾರುತ್ತದೆ. ಹಾರ್ಪ್ಸಿಕಾರ್ಡನ್ನು 20ನೇ ಶತಮಾನದಲ್ಲಿ ಮತ್ತೆ ಜನಪ್ರಿಯಗೊಳಿಸಿದ ವಾಂಡಾ ಲಾಂಡೋವ್‌ಸ್ಕಾ ನುಡಿಸುತ್ತಿದ್ದುದು ಪ್ಯಾರಿಸ್ಸಿನ ಪ್ಲೆಯೆಲ್ ಕಂಪನಿ ಪಿಯಾನೊದ ಮಾದರಿಯಲ್ಲಿ ಕಟ್ಟಿಕೊಟ್ಟ ಭಾರಿ ಯಂತ್ರವನ್ನು. 18ನೇ ಶತಮಾನದವರು ಅದನ್ನು ಕಂಡಿದ್ದರೆ ಗುರುತೇ ಹಿಡಿಯುತ್ತಿರಲಿಲ್ಲ. ಆಂಟ್‌ವರ್ಪಿನ ರಕರ್ಸ್ ಮನೆತನ ಮಾಡಿದ ಹಾರ್ಪ್ಸಿಕಾರ್ಡುಗಳನ್ನು ಪ್ಯಾರಿಸ್ಸಿನ ಕುಶಲಕರ್ಮಿಗಳು 18ನೇ ಶತಮಾನದಲ್ಲಿ ಸೀಳಿ, ಅಗಲ ಮಾಡಿ, ಹೊಸ ಮನೆಗಳನ್ನು ಸೇರಿಸಿ ಮಾರಿದ್ದರು. ಅದರಲ್ಲಿ ಅಸಲು ಯಾವುದು? ಸಂಗೀತ ಚರಿತ್ರಕಾರ ರಿಚರ್ಡ್ ಟರಸ್ಕಿನ್ ಅಂತೂ ಈ ಹಳೆಯ ವಾದ್ಯದವರ ಮುಖಕ್ಕೆ ಹೊಡೆದಂತೆ ವಾದಿಸಿದ: ನೀವು ಕೊಡುತ್ತಿರುವುದು ಹಳೆಯದಲ್ಲ, ಈ ಕಾಲದ ಅಭಿರುಚಿಯೇ, ಅದಕ್ಕೆ ಹಳೆಯ ಅಂಗಿ ತೊಡಿಸಿದ್ದೀರಿ ಅಷ್ಟೆ.

ಟರಸ್ಕಿನ್ನನ ಏಟು ಸರಿಯಾಗಿಯೇ ಬಿದ್ದಿದೆ. ಆದರೂ ಅವನೂ ಕೈಬಿಟ್ಟದ್ದೊಂದಿದೆ. ಫ್ರಾಂಸ್ವಾ ಕೂಪರ‍್ಯಾಂ 1714ರ ಸುಮಾರಿನಲ್ಲಿ ಲಾಂಗ್‌ಶಾಂ ಮಠದ ಸನ್ಯಾಸಿನಿಯರಿಗಾಗಿ ಕ್ರಿಸ್ತನ ಮರಣದ ವಾರಕ್ಕೆ ಕೆಲವು ಪಾಠಗಳನ್ನು ಸಂಗೀತಕ್ಕೆ ಅಳವಡಿಸಿದ. ಆ ಆಚರಣೆಯಲ್ಲಿ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಹೋಗುತ್ತಾರೆ. ಇವತ್ತು ಕಛೇರಿಯ ವೇದಿಕೆಯಲ್ಲೂ ದೀಪ ಆರಿಸಿ ಇದನ್ನು ಹಾಡುವುದುಂಟು. ಶ್ರುತಿ ಸರಿ, ಕರುಳಿನ ತಂತಿ ಸರಿ, ಲ್ಯಾಟಿನ್ನಿನ ಫ್ರೆಂಚ್ ಉಚ್ಚಾರವೂ ಸರಿ. ಕೊನೆಯ ದೀಪ ಆರುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಹಾಡು ಯಾರಿಗೆ ಸಲ್ಲಬೇಕಿತ್ತೋ ಆ ಆಲಿಸುವವನನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಚಾಚೂ ತಪ್ಪದೆ ಮರಳಿ ತಂದಿದ್ದಾರೆ. ಕೂಪರ‍್ಯಾಂನ ಕಾಲದಲ್ಲೂ ಪ್ಯಾರಿಸ್ಸಿನ ಷೋಕಿ ಜನ ಆ ವಾರ ಒಪೆರಾ ಮುಚ್ಚಿರುತ್ತದೆಂದು ಮಠಕ್ಕೆ ಹಾಡು ಕೇಳಲು ಹೋಗುತ್ತಿದ್ದರು, ನಿಜ. ಆದರೆ ಅವರು ಹೋದದ್ದು ಪೂಜೆ ನಡೆಯುತ್ತಿದ್ದ ಜಾಗಕ್ಕೆ.

ಇನ್ನು ಮಡಕಶಿರ. 1882ರಲ್ಲಿ ಬಳ್ಳಾರಿಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದಾಗಿನಿಂದ ಅದು ಆ ಜಿಲ್ಲೆಯಲ್ಲೇ ಇತ್ತು. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗದ ಕಥೆ ಬೇರೆ: 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರುಗಳ ಜೊತೆ ಅದನ್ನೂ ಬಳ್ಳಾರಿಯಿಂದ ಕತ್ತರಿಸಿ ಕೊಟ್ಟರು. ನಕ್ಷೆ ನೋಡಿದರೆ ಮಡಕಶಿರ ಕರ್ನಾಟಕದ ಹೊಟ್ಟೆಯೊಳಕ್ಕೆ ಚಾಚಿಕೊಂಡಿದೆ. ಒಂದು ಮಗ್ಗುಲಿಗೆ ಶಿರಾ, ಇನ್ನೊಂದಕ್ಕೆ ಪಾವಗಡ, ಕೆಳಗೆ ಮಧುಗಿರಿ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಇಲ್ಲೇ ಇದೆ. ಈ ಸೀಮೆಯಲ್ಲೂ ಶಿರಾ, ಹಿರಿಯೂರು, ಚಳ್ಳಕೆರೆಗಳಲ್ಲೂ ಕಾಡುಗೊಲ್ಲರ ಹಟ್ಟಿಗಳು ಹರಡಿವೆ. ಅವರ ವೀರ ಜುಂಜಪ್ಪ.

ಜುಂಜಪ್ಪ ದನಕರುಗಳ ದೊರೆ. ಸೋದರಮಾವಂದಿರ ಹೊಟ್ಟೆಕಿಚ್ಚಿಗೆ ಸಿಕ್ಕಿ, ಅಡವಿ ತಿರುಗಿ, ತೀರಿಕೊಂಡ ಮೇಲೆ ದೇವರಾದವನು. ಹಾವು ಚೇಳು ಕಚ್ಚಿದವರು ಅವನಿಗೆ ಹರಕೆ ಹೊರುತ್ತಾರೆ, ಗೊಲ್ಲರಲ್ಲದವರೂ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಅವನ ಗುಡ್ಡೆ ಇದೆ. ಅವನ ಕಥೆ ರಾತ್ರಿಯಿಡೀ ಹಾಡುವಷ್ಟು ದೊಡ್ಡದು; ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು ಪುಸ್ತಕವಾಗಿಯೂ ತಂದಿದೆ. ಪುಸ್ತಕದಲ್ಲಿ ಬಾರದೆ ಉಳಿದದ್ದು ಗಣೆ.

ಗಣೆ ಬಿದಿರಿನ ಉದ್ದನೆಯ ಕೊಳಲು. ಸಿನಿಮಾ ಹಾಡಿನ ಕೊಳಲಿನ ನಯ ಅದಕ್ಕಿಲ್ಲ. ಸ್ವರಕ್ಕಿಂತ ಮೊದಲು ಉಸಿರು ಕೇಳಿಸುತ್ತದೆ, ಆಮೇಲೆ ಆ ಉಸಿರಿನೊಳಗಿಂದ ಸ್ವರ ನಿಧಾನಕ್ಕೆ ಎದ್ದು ಬರುತ್ತದೆ. ಹಾಡುವವನು ಒಂದಷ್ಟು ಹೊತ್ತು ಊದುತ್ತಾನೆ, ಗಣೆಯನ್ನು ತುಟಿಯಿಂದ ತೆಗೆದು ನಾಲ್ಕು ಸೊಲ್ಲು ಹಾಡುತ್ತಾನೆ, ಜೊತೆಯವರು ಸೊಲ್ಲೆತ್ತಿಕೊಳ್ಳುತ್ತಾರೆ, ಅವನು ಮತ್ತೆ ಊದುತ್ತಾನೆ. ಒಂದೇ ಎದೆಯ ಗಾಳಿ ಒಮ್ಮೆ ಮಾತಾಗಿ, ಒಮ್ಮೆ ಬಿದಿರಾಗಿ ಬರುವುದರಿಂದ ಪಕ್ಕವಾದ್ಯ ಯಾವುದು, ಹಾಡು ಯಾವುದು ಎಂದು ಗೆರೆ ಎಳೆಯಲು ಆಗುವುದಿಲ್ಲ. ಕಥೆಯೊಳಗೂ ಜುಂಜಪ್ಪ ಗಣೆ ಊದುವವನೇ. ಹೀಗಾಗಿ ಹಟ್ಟಿಯಲ್ಲಿ ಗಣೆ ಎತ್ತಿದರೆ ಅದು ಕಛೇರಿಗೆ ವಾದ್ಯ ತೆಗೆದಂತಲ್ಲ, ಕರೆದಂತೆ. ಅದಕ್ಕೆ ಮಡಿ ಇದೆ, ಕಾಲ ಇದೆ.

ಇಲ್ಲಿ ನಮ್ಮ ಹಳೆಯ ದಾರ್ಶನಿಕರನ್ನು ಕರೆದು ಕೂರಿಸಿದರೆ ತಮಾಷೆಯಾಗುತ್ತದೆ. ಮೀಮಾಂಸಕರು ಶಬ್ದ ನಿತ್ಯ ಎಂದರು. ಬಾಯಿಂದ, ಗಂಟಲಿನಿಂದ ಬರುವ ಧ್ವನಿ ಆ ನಿತ್ಯ ಶಬ್ದವನ್ನು ತೋರಿಸಿ ಹೋಗುವ ನಿಮಿತ್ತ ಮಾತ್ರ. ನೈಯಾಯಿಕರು ಒಪ್ಪಲಿಲ್ಲ: ಶಬ್ದ ಹುಟ್ಟುತ್ತದೆ, ಸಾಯುತ್ತದೆ, ಅದರಲ್ಲಿ ನಿತ್ಯವೇನೂ ಇಲ್ಲ. ಸುಮಾರು 5ನೇ ಶತಮಾನದ ಭರ್ತೃಹರಿ ಇನ್ನೂ ನವಿರಾಗಿ ಎಳೆ ಬಿಡಿಸಿದ. ಅವನ ಪ್ರಕಾರ ಧ್ವನಿಯಲ್ಲೇ ಎರಡು ಬಗೆ. ಒಂದು ಪ್ರಾಕೃತ, ಅದಿಲ್ಲದೆ ಶಬ್ದ ಗೋಚರಿಸುವುದೇ ಇಲ್ಲ. ಇನ್ನೊಂದು ವೈಕೃತ, ನಿಧಾನವಾಗಿ ಹೇಳಿದ್ದು, ಬೇಗ ಹೇಳಿದ್ದು ಇಂಥ ವ್ಯತ್ಯಾಸಗಳೆಲ್ಲ ಅದರಲ್ಲಿ ಬರುತ್ತವೆ. ಅದು ಬದಲಾದರೂ ಶಬ್ದ ಬದಲಾಗದು.

ವಾದ್ಯವನ್ನು ಭರ್ತೃಹರಿಯ ಯಾವ ಖಾನೆಗೆ ಹಾಕಬೇಕು? ವೈಕೃತಕ್ಕೆ ಎಂದು ಪಂಡಿತರು ಥಟ್ಟನೆ ಹೇಳಿಯಾರು. ಜುಂಜಪ್ಪನ ಒಕ್ಕಲಿನವನು ಒಪ್ಪುವುದಿಲ್ಲ. ಅವನಿಗೆ ಗಣೆ ತೆಗೆದರೆ ಕಥೆ ಉಳಿದೀತು, ಕರೆ ಉಳಿಯದು. ಪ್ಯಾರಿಸ್ಸಿನ ಹಳೆಯ ವಾದ್ಯದವರೂ ವೈಕೃತ ಎನ್ನುವುದನ್ನು ಒಪ್ಪುವುದಿಲ್ಲ. ಆದರೆ ಅವರ ಕಾರಣವೇ ಬೇರೆ. ಅವರು ಕಿವಿಯ ಸಾಕ್ಷಿ ಕೊಡುತ್ತಾರೆ, ಇವನು ದೇವರ ಸಾಕ್ಷಿ ಕೊಡುತ್ತಾನೆ.

ಇದೇ ಸೀಮೆಯ ತತ್ವಪದದವರದು ತದ್ವಿರುದ್ಧ ನಿಲುವು. ಆದವಾನಿಯ ಕಡೆಯ ಹಿರೇಹರಿವಾಣದವನೆಂದು ಹೇಳುವ ಚಿದಾನಂದಾವಧೂತ ‘ಜ್ಞಾನಸಿಂಧು’ ಬರೆದವನು. ನವರಾತ್ರಿಯಲ್ಲಿ ಬಯಲುಸೀಮೆಯ ಊರೂರಲ್ಲಿ ಓದಿಸುವ ದೇವಿ ಪುರಾಣ ಅವನದು. ಆ ಪರಂಪರೆಗೆ ನಾದ ಹೊರಗಿನದ್ದೇ ಅಲ್ಲ. ಕೈಯಿಂದ ಹೊಡೆದು, ಬಾಯಿಂದ ಊದಿ ಬರಿಸುವ ಆಹತನಾದ ಬರಿಯ ಏಣಿ. ಗುರಿ ಒಳಗಿನ ಅನಾಹತ. ಬಸವಣ್ಣ 12ನೇ ಶತಮಾನದಲ್ಲೇ ತನ್ನ ದೇಹದ ಒಂದೊಂದು ಅಂಗವನ್ನೂ ವೀಣೆಯ ಒಂದೊಂದು ಭಾಗ ಮಾಡಿಕೊಂಡು ನುಡಿಸು ಎಂದು ಕೂಡಲಸಂಗನನ್ನು ಕೇಳಿಕೊಂಡಿದ್ದ. ಮೈಯೇ ವಾದ್ಯವಾದ ಮೇಲೆ ಪಕ್ಕದಲ್ಲಿರುವುದು ಏಕತಾರಿಯೋ ಪ್ಯಾರಿಸ್ಸಿನ ಪೆಟ್ಟಿಗೆಯೋ ಎಂಬುದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ತತ್ವಪದದವರು ಏಕತಾರಿಯ ಮೇಲೆ ಹಾರ್ಮೋನಿಯಂ ತಂದರು, ಈಗ ಕೀಬೋರ್ಡನ್ನೂ ರಿದಂ ಪ್ಯಾಡನ್ನೂ ತರುತ್ತಿದ್ದಾರೆ. ಕನ್ನಡ ಪದವನ್ನು ತೆಲುಗು ಅಕ್ಷರದಲ್ಲಿ ಬರೆದಿಟ್ಟುಕೊಂಡು ಹಾಡಿದರೂ ಅವರ ಗುರುವಿಗೆ ತಕರಾರಿಲ್ಲ. ಕಿವಿಗೆ ಹಿಂಸೆಯಾಗುವುದುಂಟು, ಅದು ರಸಿಕರ ಪಾಡು, ಸಾಧಕರದಲ್ಲ ಎನ್ನುತ್ತಾರೆ.

ಈ ಎರಡರ ನಡುವೆ ನಿಲ್ಲುವ ದೊಡ್ಡ ಉದಾಹರಣೆಯೊಂದು ಅನಂತಪುರದ ಮಣ್ಣಿನಿಂದಲೇ ಬಂತು. ರಾಳ್ಳಪಲ್ಲಿ ಅನಂತಕೃಷ್ಣಶರ್ಮರು 1893ರಲ್ಲಿ ಆ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ ಹುಟ್ಟಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮೂವತ್ತೈದಕ್ಕೂ ಹೆಚ್ಚು ವರ್ಷ ತೆಲುಗು ಕಲಿಸಿದರು. ಸಂಗೀತದ ಮೇಲೆ ಕನ್ನಡದಲ್ಲೂ ಬರೆದರು, ‘ಗಾನಕಲೆ’ ಅಂಥದ್ದೊಂದು ಪುಸ್ತಕ. ನಿವೃತ್ತಿಯಾದ ಮೇಲೆ ತಿರುಪತಿ ಅವರನ್ನು ಕರೆಯಿತು. ಅಲ್ಲಿ ಕಾದಿದ್ದದ್ದು 15ನೇ ಶತಮಾನದ ಅನ್ನಮಾಚಾರ್ಯರ ಹಾಡುಗಳು. ತಿರುಮಲೆಯ ದೇವಸ್ಥಾನದ ಭಂಡಾರದಲ್ಲಿ ಶತಮಾನಗಳ ಕಾಲ ಬಿದ್ದಿದ್ದ ತಾಮ್ರದ ಹಲಗೆಗಳ ಮೇಲೆ ಸಾವಿರಗಟ್ಟಲೆ ಸಂಕೀರ್ತನೆ. ಪ್ರತಿ ಹಾಡಿನ ನೆತ್ತಿಯ ಮೇಲೆ ರಾಗದ ಹೆಸರಿದೆ. ಮಟ್ಟು ಇಲ್ಲ. ಅನ್ನಮಯ್ಯ ಹೇಗೆ ಹಾಡಿದ ಎಂಬುದು ಗಾಳಿಯಲ್ಲಿ ಕರಗಿಹೋಗಿತ್ತು, ಹೆಸರು ಒಂದೇ ಇದ್ದ ರಾಗಗಳ ರೂಪವೂ ಅಷ್ಟರಲ್ಲಿ ಬದಲಾಗಿತ್ತು.

ಪ್ಯಾರಿಸ್ಸಿನವರಾಗಿದ್ದರೆ ಹಳೆಯ ಗ್ರಂಥ ತಿರುವಿ, ಅಂದಿನ ಶ್ರುತಿ, ಅಂದಿನ ದಂಡಿಗೆ ಹುಡುಕಲು ಹೊರಡುತ್ತಿದ್ದರು. ಶರ್ಮರು ಹಲಗೆಗಳ ಪಾಠ ಪರಿಷ್ಕರಿಸಿ, ತಮಗೆ ತಿಳಿದ ಕರ್ನಾಟಕ ಸಂಗೀತದಲ್ಲಿ ನೂರಕ್ಕೂ ಮೀರಿ ಹಾಡುಗಳಿಗೆ ತಾವೇ ಸ್ವರ ಹಾಕಿದರು. ಇವತ್ತು ಮದುವೆಮನೆಯಿಂದ ಹಿಡಿದು ದೇವಸ್ಥಾನದ ಮೈಕಿನವರೆಗೆ ಕೇಳುವ ಅನ್ನಮಯ್ಯನ ಹಾಡುಗಳು ಇಂಥ 20ನೇ ಶತಮಾನದ ಸ್ವರಪ್ರಸ್ತಾರದಲ್ಲೇ ಇವೆ. ಅವನ್ನು ಯಾರೂ ನಕಲಿ ಅನ್ನುವುದಿಲ್ಲ, ಅನ್ನಲೂಬಾರದು. ಮಟ್ಟು ಹೋಗಿತ್ತು, ವಾದ್ಯ ಹೋಗಿತ್ತು, ಆದರೆ ವೆಂಕಟೇಶ ಹೋಗಿರಲಿಲ್ಲ. ಹಾಡು ಯಾರಿಗೆ ಸಲ್ಲಬೇಕೋ ಆ ವಿಳಾಸ ಉಳಿದಿದ್ದರಿಂದ ನಾಲ್ಕೈದು ನೂರು ವರ್ಷದ ಬಿರುಕನ್ನು ಹೊಸ ಸ್ವರ ಸಲೀಸಾಗಿ ದಾಟಿತು. ಕೂಪರ‍್ಯಾಂನ ಹಾಡಿಗೆ ಆದದ್ದು ಇದರ ತಿರುವುಮುರುವು.

ಹೀಗೆಂದ ಮಾತ್ರಕ್ಕೆ ವಾದ್ಯದ ಕಥೆ ಮುಗಿಯಿತೆಂದಲ್ಲ. ಗಣೆಯ ಪಕ್ಕದಲ್ಲಿ ಉರುಮೆಯನ್ನೂ ಇಟ್ಟು ನೋಡಬೇಕು. ಚಿತ್ರದುರ್ಗ, ತುಮಕೂರು, ಅನಂತಪುರಗಳಿಗೆ ಬಳಕೆಯ ಚರ್ಮವಾದ್ಯ ಅದು. ಒಂದು ಮುಖಕ್ಕೆ ಹೊಡೆದರೆ ಇನ್ನೊಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ; ಹೊಟ್ಟೆಯೊಳಗಿಂದ ಗುರುಗುಟ್ಟಿದಂತೆ ಸದ್ದು ಏಳುತ್ತದೆ. ಮಾರಮ್ಮನ ಜಾತ್ರೆಯಲ್ಲಿ ಆ ಸದ್ದಿಗೆ ಮೈದುಂಬುವವರಿದ್ದಾರೆ. ಉರುಮೆಯ ಜಾಗದಲ್ಲಿ ಬ್ಯಾಂಡ್‌ಸೆಟ್ಟು ಬಾರಿಸಿದರೆ ಕುಣಿತ ಬರುತ್ತದೆ, ದೇವರು ಬರುವುದಿಲ್ಲ ಎಂಬುದು ಊರಿನ ನಂಬಿಕೆ. ಆದರೆ ಉರುಮೆ ನುಡಿಸುವವರು ದಲಿತರು. ಅವರ ಸದ್ದಿಗೆ ಮೈದುಂಬುವ ದೇವರ ಗುಡಿಯ ಹೊಸಿಲನ್ನು ದಾಟಲು ಎಷ್ಟೋ ಊರುಗಳಲ್ಲಿ ಅವರಿಗೇ ಬಿಡುತ್ತಿರಲಿಲ್ಲ. ‘ಅದು ಅವರ ಕುಲದ ಸೇವೆ’ ಎಂಬ ಗೌರವದ ಮಾತಿನ ಒಳಗೆ ‘ಅದನ್ನು ಅವರೇ ಮಾಡತಕ್ಕದ್ದು, ಬಿಡುವಂತಿಲ್ಲ’ ಎಂಬ ಕಟ್ಟಳೆಯೂ ಕೂತಿರುತ್ತದೆ.

ಗಣೆಯ ಮಡಿಯೂ ಬಿಡಿಯಾಗಿ ಬರುವುದಿಲ್ಲ. ದೇವರಿಗೆ ಮೈಲಿಗೆ ತಾಗಬಾರದೆಂಬ ಅದೇ ನಂಬಿಕೆ ಹಟ್ಟಿಯ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಬೇಲಿಯಾಚೆಗಿನ ಗುಡಿಸಲಿಗೆ ಕಳಿಸಿದೆ. ಮಳೆ, ಚಳಿ, ಹಾವು ಚೇಳುಗಳ ನಡುವೆ ಹಸುಗೂಸಿನ ಜೊತೆ ದಿನಗಟ್ಟಲೆ. 2023ರಲ್ಲಿ ತುಮಕೂರಿನ ಬಳಿಯ ಒಂದು ಹಟ್ಟಿಯಲ್ಲಿ ಹಾಗೆ ಹೊರಗಿದ್ದ ಕೂಸು ತೀರಿಕೊಂಡದ್ದು ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಸರ್ಕಾರ ಹಿಂದೆ ಕೆಲವು ಹಟ್ಟಿಗಳ ಬಳಿ ‘ಕೃಷ್ಣ ಕುಟೀರ’ ಎಂದು ಪಕ್ಕಾ ಕಟ್ಟಡ ಕಟ್ಟಿಸಿಕೊಟ್ಟಿತ್ತು. ಹೊರಗಿಡುವುದನ್ನು ಬಿಡಿಸುವ ಬದಲು ಹೊರಗೆ ಸಿಮೆಂಟಿನ ಗೋಡೆ ಎಬ್ಬಿಸಿದಂತಾಯಿತು. ಹಳೆಯ ದನಿ ಹಾಗೇ ಉಳಿಯಲಿ ಎಂದು ದೂರದ ಊರಿನಿಂದ ಹಾರೈಸುವ ಜಾನಪದಪ್ರಿಯರು ಆ ದನಿಯ ಬೆನ್ನಿಗೆ ಏನೇನು ಕಟ್ಟಿಕೊಂಡು ಬಂದಿದೆ ಎಂಬುದನ್ನೂ ಒಂದು ಸಲ ಬಿಚ್ಚಿ ನೋಡಬೇಕು.

ಈ ಕಡೆಯಿಂದ ನೋಡಿದರೆ ವೇದಿಕೆಯನ್ನು ಅಷ್ಟು ಹಗುರಾಗಿ ತಳ್ಳಿಹಾಕಲಾಗದು. ಪ್ಯಾರಿಸ್ಸಿನ ಸಭಾಂಗಣದಲ್ಲಿ ಕೂಪರ‍್ಯಾಂನನ್ನು ಯಾರು ಬೇಕಾದರೂ ಹಾಡಬಹುದು, ಯಾರು ಬೇಕಾದರೂ ಕೇ‍ಳಬಹುದು. ಸನ್ಯಾಸಿನಿಯಾಗಬೇಕಿಲ್ಲ, ಕ್ರೈಸ್ತಳೂ ಆಗಬೇಕಿಲ್ಲ. ಬೆಂಗಳೂರಿನ ಜಾನಪದ ಮೇಳದಲ್ಲಿ ಉರುಮೆಯವನಿಗೆ ಹಾರ ಹಾಕುತ್ತಾರೆ, ಸಂಭಾವನೆ ಕೊಡುತ್ತಾರೆ, ಅವನನ್ನು ಕಲಾವಿದ ಎನ್ನುತ್ತಾರೆ. ದೇವರು ಎದ್ದು ಹೋದ ಜಾಗಕ್ಕೆ ಸಮಾನತೆ ಬಂದು ಕೂತರೆ ಅದು ಸಣ್ಣ ಲಾಭವಲ್ಲ. ನಷ್ಟ ಎಲ್ಲೆಂದರೆ, ಹತ್ತು ನಿಮಿಷದಲ್ಲಿ ಮುಗಿಸಿ ಎಂಬ ಚೀಟಿ ಬರುತ್ತದೆ. ಇಡೀ ರಾತ್ರಿಯ ಜುಂಜಪ್ಪ ಹತ್ತು ನಿಮಿಷಕ್ಕೆ ಕುಗ್ಗುತ್ತಾನೆ.

ಫ್ರಾನ್ಸಿನಲ್ಲಿ ಕುರುಬರ ವಾದ್ಯಕ್ಕೂ ಹೀಗೊಂದು ಯೋಗ ಬಂದಿತ್ತು. ಮ್ಯೂಸೆಟ್ ಎಂಬುದು ಚೀಲಕ್ಕೆ ಗಾಳಿ ತುಂಬಿ ನುಡಿಸುವ ಕೊಳವೆವಾದ್ಯ. 17ನೇ ಶತಮಾನದಲ್ಲಿ ಅರಮನೆಯವರಿಗೆ ಕುರುಬರ ವೇಷ ಹಾಕಿ ಹಾಡುವ ಚಟ ಹತ್ತಿತು. ಚೀಲಕ್ಕೆ ರೇಷ್ಮೆ, ಮಖಮಲ್ಲು ಹೊದಿಸಿದರು, ಕೊಳವೆಗಳನ್ನು ದಂತದಲ್ಲಿ ಮಾಡಿಸಿದರು. ಊದಿದರೆ ಮುಖ ಕೆಡುತ್ತದೆಂದು ಕಂಕುಳಿಗೆ ತಿದಿ ಕಟ್ಟಿಕೊಂಡರು. 1672ರಲ್ಲಿ ಬೋರ್ಜೊಂ ಎಂಬವನು ಅದನ್ನು ಕಲಿಯಲು ಪುಸ್ತಕವನ್ನೇ ಬರೆದ. ಫ್ರೆಂಚ್ ಕ್ರಾಂತಿಯ ಹೊತ್ತಿಗೆ ಆ ಷೋಕಿ ಸತ್ತಿತ್ತು. ಈಗ ಹಳೆಯ ಫ್ರೆಂಚ್ ಹಾಡುಗಳ ಕಛೇರಿಯಲ್ಲಿ ಮ್ಯೂಸೆಟ್ ಮತ್ತೆ ಕಾಣಿಸುತ್ತದೆ, ಆದರೆ ಅದು ನೆನಪಿಸುವುದು ವೇಷ ಹಾಕಿದವರನ್ನು, ಕುರಿ ಕಾಯ್ದವರನ್ನಲ್ಲ. ಗಣೆ ಮಾತ್ರ ಇನ್ನೂ ದನ ಕಾಯುವವರ ಮನೆಯಲ್ಲೇ ಇದೆ. ಅದೃಷ್ಟವೋ, ಅರಮನೆಯವರ ಕಣ್ಣಿಗೆ ಬೀಳದಿದ್ದುದೋ!

ಹಟ್ಟಿಯ ಒಳಗೇ ಇನ್ನೊಂದು ಪರಂಪರೆ ಇದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಕಲಿತವರಲ್ಲ. ಸಾವಿರಾರು ಪದ ಬಾಯಲ್ಲಿ ಇಟ್ಟುಕೊಂಡಿದ್ದರು, ಕೃಷ್ಣಮೂರ್ತಿ ಹನೂರರು ಅವರ ಪದಗಳನ್ನು ಬರೆದುಕೊಂಡರು, ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಗೌರವಿಸಿತು. ಗಣೆ ಗಂಡಸರ ಕೈಯದು. ಹೆಂಗಸರು ಅದೇ ದೇವರುಗಳನ್ನು ಬರಿಗಂಟಲಲ್ಲಿ ಹಾಡಿದರು, ಬೀಸುವಾಗ, ಕುಟ್ಟುವಾಗ, ಮದುವೆಯಲ್ಲಿ, ಹಬ್ಬದಲ್ಲಿ. ಆ ಹಾಡು ದೇವರಿಗೆ ಮುಟ್ಟಲಿಲ್ಲವೆಂದು ಹಟ್ಟಿಯ ಯಾವ ಪೂಜಾರಿಯೂ ಹೇಳಲಾರ. ಹಾಗಿದ್ದರೆ ಗಣೆಯಿಲ್ಲದೆಯೂ ಕರೆ ಮುಟ್ಟುತ್ತದೆ ಎಂದು ಹಟ್ಟಿಯೇ ಎಂದೋ ಒಪ್ಪಿಕೊಂಡಂತಾಯಿತು. ಶಾಸ್ತ್ರಾರ್ಥಕ್ಕೆ ಕೂತ ಮೀಮಾಂಸಕನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಈಗ ಹಟ್ಟಿಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಹೆಣ್ಣುಮಕ್ಕಳಿದ್ದಾರೆ. ಗಣೆಯನ್ನು ಅಟ್ಟಕ್ಕೆ ಹಾಕಿ ಎಂದು ಯಾರೂ ಕೇಳುತ್ತಿಲ್ಲ, ಗುಡಿಸಲು ಕಿತ್ತುಹಾಕಿ ಎನ್ನುವವರಿದ್ದಾರೆ. ಎರಡೂ ಒಂದೇ ಕಟ್ಟು, ಒಂದು ಬಿಚ್ಚಿದರೆ ಇನ್ನೊಂದೂ ಬಿಚ್ಚಿಕೊಳ್ಳುತ್ತದೆ ಎನ್ನುವುದು ಹಿರಿಯರ ಅಂಜಿಕೆ. ಆದರೆ ಬಿದಿರು ಶಾಶ್ವತವಲ್ಲ. ಸೀಳು ಬಿಡುತ್ತದೆ, ಹುಳು ಹಿಡಿಯುತ್ತದೆ. ಆಗ ಹೊಸ ಗಳ ಕಡಿದು, ತೂತು ಕೊರೆದು, ಪೂಜೆ ಮಾಡಿ ಅದನ್ನೇ ಜುಂಜಪ್ಪನ ಗಣೆ ಎನ್ನುತ್ತಾರೆ. ಆ ಕೆಲಸ ಮಾಡುವ ಅಧಿಕಾರ ಯಾವ ವಿಶ್ವವಿದ್ಯಾಲಯದ್ದೂ ಅಲ್ಲ, ಸರ್ಕಾರದ್ದೂ ಅಲ್ಲ, ಹಟ್ಟಿಯದು. ಗಣೆಯ ಬಿದಿರನ್ನು ಬದಲಿಸುವ ಅಧಿಕಾರವಿರುವವರಿಗೆ ಬಾಣಂತಿಯನ್ನು ಮನೆಯೊಳಗೆ ಕರೆದುಕೊಳ್ಳುವ ಅಧಿಕಾರ ಏಕಿಲ್ಲ ಎಂಬ ಪ್ರಶ್ನೆಯನ್ನು ಹಟ್ಟಿಯ ಕೂಟದಲ್ಲಿ, ಅಣ್ಣತಮ್ಮಂದಿರ ಎದುರಿಗೆ, ಆ ಮನೆಗಳ ಮಕ್ಕಳೇ ಎತ್ತಬೇಕಾಗಿದೆ.